ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗರಾಯರು

ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಸದಸ್ಯರಾಗಿರದೆ, ಮತದಾನದ ಹಕ್ಕನ್ನೂ ಹೊಂದಿರದೆ, ಆ ಸಭೆಗೆ ಮೊತ್ತಮೊದಲ ಕರಡನ್ನು ಸಿದ್ಧಗೊಳಿಸಿಕೊಟ್ಟ ಮಹನೀಯರು ಬೆನಗಲ್ ನರಸಿಂಗರಾಯರು. 1887ರ ಫೆಬ್ರವರಿ 26ರಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವೈದ್ಯರೊಬ್ಬರ ಪುತ್ರರಾಗಿ ಜನಿಸಿದ ಇವರು, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಕಲಿತು, ಮದರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ಉನ್ನತ ವ್ಯಾಸಂಗವನ್ನು ಮುಗಿಸಿ ಐ.ಸಿ.ಎಸ್. ಸೇವೆಗೆ ಸೇರಿದರು. ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದ ರಾಮರಾಯರೂ ಪತ್ರಿಕಾಕರ್ತ ಶಿವರಾಯರೂ ಇವರ ಸಹೋದರರು. ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶತ್ವ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆ, ಕಾಶ್ಮೀರ ಸಂಸ್ಥಾನದ ಪ್ರಧಾನಿ ಪದವಿ ಇವೆಲ್ಲ ಅವರಿಗೆ ಒಂದರ ಹಿಂದೊಂದರಂತೆ ಒದಗಿದವು. ಪದವಿಗಳ ಪಟ್ಟಿಯನ್ನು ಬೆಳೆಸುವುದು ಈ ಲೇಖನದ ಉದ್ದೇಶವಲ್ಲ.

1946ರಲ್ಲಿ ಸಂವಿಧಾನ ಸಲಹೆಗಾರರಾಗಿ ನಿಯುಕ್ತರಾದ ರಾಯರು ಈ ಕಾರ್ಯಕ್ಕೆ ವೇತನವನ್ನು ಸ್ವೀಕರಿಸಲಿಲ್ಲ. 1947ರ ಅಕ್ಟೋಬರ್ ವೇಳೆಗೆ ಸುಮಾರು 240 ವಿಧಿಗಳೂ 13 ಅನುಸೂಚಿಗಳೂ ಉಳ್ಳ ಕರಡು ಅವರ ಕೈಯಿಂದ ಹೊರಬಂದಿತು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಪರಿಶೀಲನೆಗೆ ತೆಗೆದುಕೊಂಡುದು ಇದನ್ನೇ. ಅಷ್ಟರಲ್ಲಿ ರಾಯರು ಅಮೆರಿಕ, ಕೆನಡ, ಐರ್ಲೆಂಡ್, ಬ್ರಿಟನ್ ದೇಶಗಳಿಗೆ ತೆರಳಿ ಅಲ್ಲಿಯ ನ್ಯಾಯವೇತ್ತರೊಡನೆ ಸಮಾಲೋಚನೆ ನಡೆಸಿದರು.

ಆ ಪ್ರವಾಸದ ಫಲವಾಗಿ ದೊಡ್ಡದೊಂದು ವಿವಾದ ಹುಟ್ಟಿತು. ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಾನೂನಿನ ಯುಕ್ತ ಪ್ರಕ್ರಿಯೆಯಿಲ್ಲದೆ ಅಪಹರಿಸಲಾಗದೆಂಬ ಅಮೆರಿಕದ ಮಾದರಿಯ ಮಾತು ಮೂಲಭೂತ ಹಕ್ಕುಗಳ ಮೊದಲ ವರದಿಯಲ್ಲಿ ಸೇರಿತ್ತು. ಆ ಯುಕ್ತವೆಂಬ ವಿಶೇಷಣದ ಬಲದಿಂದಲೇ ನ್ಯಾಯಾಲಯಗಳು ಸಮಾಜಹಿತದ ಕಾನೂನುಗಳನ್ನು ರದ್ದುಗೊಳಿಸುತ್ತ ಬಂದುವೆಂದು ಅಮೆರಿಕದ ನ್ಯಾಯಾಧೀಶ ಫ್ರಾಂಕ್‌ಫರ್ಟರರು ರಾಯರನ್ನು ಎಚ್ಚರಿಸಿದರು. ಜಮೀನ್ದಾರಿ ಪದ್ಧತಿಯ ನಿರ್ಮೂಲನಕ್ಕೆ ಹೊರಟಿದ್ದ ನಾಡಿಗೆ ಇದು ಸಾಮಾನ್ಯವಾದ ಎಚ್ಚರಿಕೆಯಾಗಿರಲಿಲ್ಲ. ಕರಡು ಸಮಿತಿಯು ಆ ಮಾತನ್ನು ತೆಗೆದು, ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನವೆಂಬ, ಜಪಾನಿನ ಸಂವಿಧಾನದಲ್ಲಿದ್ದ ಮಾತನ್ನು ಇರಿಸಿತು. ಅರ್ಧಮಾತ್ರೆಯ ಲಾಭಕ್ಕಾಗಿ ವೈಯಾಕರಣರು ಹಿಗ್ಗುವರೆಂಬ ಹಾಸ್ಯವೊಂದುಂಟು. ಇಲ್ಲಿಯಾದರೋ ಶಬ್ದಗಳ ಅಂತರದಲ್ಲಿ ಮನುಷ್ಯನ ಸೆರೆಮನೆಯೇ ಅಡಗಿತ್ತು. ಏಕೆಂದರೆ ಶಾಸಕಾಂಗವು ಎಂತಹ ವಿಧಾನವನ್ನು ಸ್ಥಾಪಿಸಿದರೂ ಅದು ನ್ಯಾಯವೋ ಅನ್ಯಾಯವೋ ಎಂದು ಕೇಳುವ ಅಧಿಕಾರ ನ್ಯಾಯಾಲಯಕ್ಕೆ ಉಳಿಯದು.

1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಚರ್ಚೆ ಕಾವೇರಿತು. ಮುನ್ಷಿಯವರೂ ಠಾಕೂರ್ ದಾಸ್ ಭಾರ್ಗವರೂ ಹಳೆಯ ಪದಗಳಿಗಾಗಿ ವಾದಿಸಿದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರು ಹೊಸದನ್ನು ಸಮರ್ಥಿಸಿದರು. ಅಂಬೇಡ್ಕರರು ಎರಡು ಪಕ್ಷಗಳ ಅಪಾಯಗಳನ್ನೂ ತೂಗಿ ತೋರಿಸಿ ನಿರ್ಣಯವನ್ನು ಸಭೆಗೇ ಬಿಟ್ಟರು. ಹಳೆಯ ಪದಗಳು ಸೋತವು. ಆದರೆ ಸದಸ್ಯರ ಅಸಮಾಧಾನ ಶಮನವಾಗಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರರೇ ಪರಿಹಾರರೂಪವಾದ ಮತ್ತೊಂದು ವಿಧಿಯನ್ನು ಮಂಡಿಸಿದರು. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರ ನೆರವಿರಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದೇ ಅದರ ಸಾರ. ಇಂದಿನ 22ನೆಯ ವಿಧಿ ಅದೇ. ವಿಚಾರಣೆಯಿಲ್ಲದ ನಿವಾರಕ ಬಂಧನಕ್ಕೂ ಅದರಲ್ಲಿಯೇ ಎಡೆ ದೊರೆತದ್ದು ಈ ಸಂಧಾನದ ಕಹಿಯಾದ ಭಾಗ.

ಭೂಸುಧಾರಣೆಯ ವಿಷಯದಲ್ಲಿ ರಾಯರ ಭೀತಿ ನಿರಾಧಾರವಾಗಿರಲಿಲ್ಲ. 1951ರಲ್ಲಿಯೇ ಜಮೀನ್ದಾರಿ ಕಾನೂನುಗಳ ರಕ್ಷಣೆಗೆಂದು ಸಂವಿಧಾನವನ್ನು ತಿದ್ದಬೇಕಾಯಿತು. ವ್ಯಕ್ತಿಸ್ವಾತಂತ್ರ್ಯದ ವಿಷಯದಲ್ಲಿ ಮಾತ್ರ ಅವರ ಎಣಿಕೆ ತಪ್ಪಿತೆಂದೇ ನಮ್ಮ ಅಭಿಮತ. ನಿವಾರಕ ಬಂಧನದಲ್ಲಿದ್ದ ಎ.ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ 1950ರಲ್ಲಿ ಸರ್ವೋಚ್ಚ ನ್ಯಾಯಾಲಯವು ಶಬ್ದಾರ್ಥಕ್ಕೇ ಅಂಟಿಕೊಂಡಿತು.

1949ರ ನವೆಂಬರ್ 25ರಂದು ಅಂಬೇಡ್ಕರರು ತಮಗೆ ಸಂದ ಕೀರ್ತಿಯಲ್ಲಿ ಒಂದು ಪಾಲು ರಾಯರದೆಂದು ಸಭೆಯಲ್ಲಿ ಬಹಿರಂಗವಾಗಿ ಸಾರಿದರು. ಆ ಬಳಿಕ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿಯೂ, 1952ರಿಂದ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿಯೂ ಸೇವೆ ಸಲ್ಲಿಸಿ, 1953ರ ನವೆಂಬರ್ 30ರಂದು ಜೂರಿಚ್‌ನಲ್ಲಿ ದಿವಂಗತರಾದರು. ಅವರ ಸಲಹೆಯಿಂದ ಬಿಟ್ಟುಹೋಗಿದ್ದ ಯುಕ್ತತೆಯ ಅರ್ಥವನ್ನು 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ 21ನೆಯ ವಿಧಿಯೊಳಗೆ, ಒಂದಕ್ಷರವನ್ನೂ ಬದಲಿಸದೆ, ಓದಿಕೊಂಡಿತು.