ಡಾಕ್ಟರ್ ಬರ್ನಾರ್ಡೊ ಮತ್ತು ಕೆನಡಾಕ್ಕೆ ಹೋದ ಮಕ್ಕಳು

ಹಾಸ್ಟೆಲ್‌ಗೆ ಸೇರಿದ ದಿನ ನೆನಪಿದೆಯಾ? ಒಂದು ಟ್ರಂಕು, ಹಾಸಿಗೆ, ಬಕೆಟ್ಟು, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ. ಹದಿನೆಂಟು ವರ್ಷ ಆಗಿದ್ದರೂ ಅಪ್ಪ ಅಮ್ಮ ವಾಪಸ್ ಹೊರಟಾಗ ನನಗಂತೂ ಗಂಟಲು ಕಟ್ಟಿತ್ತು. ಆದರೂ ದೀಪಾವಳಿಗೆ ಊರಿಗೆ ಹೋಗ್ತೀನಿ ಅನ್ನೋ ಧೈರ್ಯ ಇತ್ತು. ಈಗ ಹತ್ತು ವರ್ಷದ ಹುಡುಗನ ಕೈಗೆ ಒಂದು ಟ್ರಂಕ್ ಕೊಟ್ಟು, ಹಡಗು ಹತ್ತಿಸಿ, ಸಮುದ್ರದಾಚೆ ಯಾರದೋ ಹೊಲದಲ್ಲಿ ಕೆಲಸಕ್ಕೆ ಬಿಟ್ಟರೆ ಹೇಗಿರುತ್ತೆ ಅಂತ ಯೋಚಿಸಿ. 1869ರಿಂದ 1930ರ ದಶಕದ ತನಕ ಬ್ರಿಟನ್ನಿನಿಂದ ಕೆನಡಾಕ್ಕೆ ಹೀಗೆ ಹೋದ ಮಕ್ಕಳು ಸುಮಾರು 1 ಲಕ್ಷ. ಅದರಲ್ಲಿ ಸುಮಾರು 30 ಸಾವಿರ ಮಕ್ಕಳನ್ನು ಕಳಿಸಿದ್ದು ಒಂದೇ ಸಂಸ್ಥೆ. ಅದನ್ನು ಕಟ್ಟಿದವರು ಥಾಮಸ್ ಜಾನ್ ಬರ್ನಾರ್ಡೊ.

ಬರ್ನಾರ್ಡೊ ಹುಟ್ಟಿದ್ದು 1845ರ ಜುಲೈ 4ರಂದು, ಐರ್ಲೆಂಡಿನ ಡಬ್ಲಿನ್‌ನಲ್ಲಿ. ತಂದೆ ತುಪ್ಪಳದ ಬಟ್ಟೆಗಳ ವ್ಯಾಪಾರಿ. ಹದಿಹರೆಯದಲ್ಲೇ ಕ್ರೈಸ್ತ ಧರ್ಮಪ್ರಚಾರದ ಕಡೆ ಮನಸ್ಸು ತಿರುಗಿತು. ಚೀನಾಕ್ಕೆ ಮಿಷನರಿಯಾಗಿ ಹೋಗಬೇಕು ಅಂತ ತೀರ್ಮಾನಿಸಿ 1866ರಲ್ಲಿ ಲಂಡನ್ನಿಗೆ ಬಂದು, ಅಲ್ಲಿನ ಲಂಡನ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದೋಕೆ ಸೇರಿದರು. ಅವರಿಗೂ ಆಗ ಹೆಚ್ಚುಕಮ್ಮಿ ನಮ್ಮದೇ ವಯಸ್ಸು.

ಅದೇ ವರ್ಷ ಪೂರ್ವ ಲಂಡನ್ನಿನಲ್ಲಿ ಕಾಲರಾ ಬಂತು. ಸಾವಿರಾರು ಜನ ಸತ್ತರು. ಕೊಳೆಗೇರಿಗಳಲ್ಲಿ ಅಪ್ಪ ಅಮ್ಮ ಇಲ್ಲದ, ಇದ್ದರೂ ಇಲ್ಲದಂತಿರುವ ಮಕ್ಕಳು ಎಲ್ಲೆಲ್ಲೂ ಇದ್ದರು. ಬರ್ನಾರ್ಡೊ ಒಂದು ಉಚಿತ ಶಾಲೆ ಶುರು ಮಾಡಿದರು. ಒಂದು ರಾತ್ರಿ ಜಿಮ್ ಜಾರ್ವಿಸ್ ಅನ್ನೋ ಹುಡುಗ ಅವರನ್ನು ಕರೆದುಕೊಂಡು ಹೋಗಿ, ಛಾವಣಿಗಳ ಮೇಲೆ, ಚಳಿಯಲ್ಲಿ ಮುದುಡಿ ಮಲಗಿದ್ದ ಹುಡುಗರನ್ನು ತೋರಿಸಿದನಂತೆ. ಚೀನಾ ಪ್ರಯಾಣ ಅಲ್ಲಿಗೇ ನಿಂತುಹೋಯಿತು. 1870ರಲ್ಲಿ ಸ್ಟೆಪ್ನಿ ಕಾಸ್‌ವೇ ಅನ್ನೋ ಬೀದಿಯಲ್ಲಿ ಹುಡುಗರಿಗಾಗಿ ಮೊದಲ ಮನೆ ತೆರೆದರು.

ಒಂದು ಸಂಜೆ ಜಾನ್ ಸಾಮರ್ಸ್ ಅನ್ನೋ 11 ವರ್ಷದ ಹುಡುಗ ಬಂದ. ಕೆಂಪು ಕೂದಲಿದ್ದ ಕಾರಣ ಅವನಿಗೆ ಕ್ಯಾರೆಟ್ ಅಂತ ಅಡ್ಡಹೆಸರು. ಜಾಗ ಇಲ್ಲ ಅಂತ ಅವನನ್ನು ವಾಪಸ್ ಕಳಿಸಿದರು. ಎರಡು ದಿನ ಆದ ಮೇಲೆ ಹಸಿವು, ಚಳಿಯಿಂದ ಅವನು ಬೀದಿಯಲ್ಲಿ ಸತ್ತಿದ್ದು ಗೊತ್ತಾಯಿತು. ಇನ್ನು ಮೇಲೆ ನಿರ್ಗತಿಕ ಮಗು ಯಾವುದೇ ಬರಲಿ, ವಾಪಸ್ ಕಳಿಸುವುದಿಲ್ಲ ಅಂತ ಬರ್ನಾರ್ಡೊ ಬೋರ್ಡ್ ಹಾಕಿಸಿದರು. 1876ರಲ್ಲಿ ಬಾರ್ಕಿಂಗ್‌ಸೈಡ್‌ನಲ್ಲಿ ಹುಡುಗಿಯರಿಗಾಗಿ ಪುಟ್ಟ ಪುಟ್ಟ ಮನೆಗಳ ಒಂದು ಹಳ್ಳಿಯನ್ನೇ ಕಟ್ಟಿದರು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಶಾಲೆಯ ಪಠ್ಯಪುಸ್ತಕದ ಪಾಠದ ಥರ ಇರ್ತಿತ್ತು. ಆದರೆ ಕಥೆ ಇನ್ನೂ ಇದೆ.

ಇಷ್ಟೊಂದು ಮಕ್ಕಳನ್ನು ಸಾಕೋಕೆ ದುಡ್ಡು ಬೇಕು, ದುಡ್ಡು ಬರಬೇಕಾದರೆ ಜನರ ಮನಸ್ಸು ಕರಗಬೇಕು. ಬರ್ನಾರ್ಡೊ 1874ರಲ್ಲಿ ಸಂಸ್ಥೆಯಲ್ಲೇ ಫೋಟೋ ವಿಭಾಗ ತೆರೆದರು. ಮಗು ಬಂದಾಗ ಹರಕು ಬಟ್ಟೆಯಲ್ಲಿ ಒಂದು ಫೋಟೋ, ಆಮೇಲೆ ಶುಭ್ರವಾಗಿ ಕೆಲಸ ಕಲಿಯುತ್ತಿರುವ ಇನ್ನೊಂದು ಫೋಟೋ. ಎರಡನ್ನೂ ಕಾರ್ಡ್ ಮಾಡಿ ಮಾರಿದರು. ಪರಿಣಾಮ ಚೆನ್ನಾಗಿರಲಿ ಅಂತ ಕೆಲವು ಮಕ್ಕಳ ಬಟ್ಟೆಯನ್ನು ಬೇಕೆಂದೇ ಹರಿದಿದ್ದಾರೆ ಅನ್ನೋ ಆರೋಪ ಬಂತು. ಪದವಿ ಪಡೆಯದೇ ಡಾಕ್ಟರ್ ಅಂತ ಕರೆಸಿಕೊಳ್ತಿದ್ದಾರೆ, ದುಡ್ಡಿನ ಲೆಕ್ಕ ಸರಿಯಿಲ್ಲ ಅಂತಲೂ ದೂರುಗಳು. 1876ರಲ್ಲಿ ಎಡಿನ್‌ಬರೋಗೆ ಹೋಗಿ ಶಸ್ತ್ರವೈದ್ಯನ ಅರ್ಹತೆ ಪಡೆದು ಬಂದರು. 1877ರಲ್ಲಿ ಮಧ್ಯಸ್ಥರ ವಿಚಾರಣೆ ನಡೆಯಿತು. ದೊಡ್ಡ ಆರೋಪಗಳಿಂದ ಪಾರಾದರು. ಆದರೆ ಫೋಟೋಗಳ ವಿಷಯದಲ್ಲಿ ಮಧ್ಯಸ್ಥರು ಅವರ ಮೇಲೆ ತಪ್ಪು ಹೊರಿಸಿದರು.

ಆಮೇಲೆ ಬಂದಿದ್ದು ಕೆನಡಾ ಯೋಜನೆ. ಇದು ಬರ್ನಾರ್ಡೊ ಕಂಡುಹಿಡಿದದ್ದಲ್ಲ. ಮರಿಯಾ ರೈ, ಆನಿ ಮ್ಯಾಕ್‌ಫರ್ಸನ್ ಅನ್ನೋ ಇಬ್ಬರು ಮಹಿಳೆಯರು 1869–70ರಲ್ಲೇ ಶುರು ಮಾಡಿದ್ದರು. ಲೆಕ್ಕಾಚಾರ ತುಂಬಾ ಸರಳ. ಲಂಡನ್ನಿನಲ್ಲಿ ಮಕ್ಕಳು ಜಾಸ್ತಿ, ಜಾಗ ಕಮ್ಮಿ. ಕೆನಡಾದಲ್ಲಿ ಭೂಮಿ ಜಾಸ್ತಿ, ಕೈಗಳು ಕಮ್ಮಿ. ಒಂದು ಮಗು ಹಡಗು ಹತ್ತಿದರೆ ಇಲ್ಲಿ ಇನ್ನೊಂದು ಮಗುವಿಗೆ ಹಾಸಿಗೆ ಖಾಲಿ ಆಗುತ್ತೆ. ಯಾರನ್ನೂ ವಾಪಸ್ ಕಳಿಸಲ್ಲ ಅಂತ ಬೋರ್ಡ್ ಹಾಕಿದ ಮನುಷ್ಯನಿಗೆ ಇದು ಪಕ್ಕಾ ಪರಿಹಾರ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಕಾಗದದ ಮೇಲೆ ನಮಗೂ ಹಾಗೇ ಅನ್ನಿಸ್ತಿತ್ತೇನೋ.

1882ರಲ್ಲಿ 51 ಹುಡುಗರ ಮೊದಲ ತಂಡ ಹೊರಟಿತು. ಮಾರನೇ ವರ್ಷ ಹುಡುಗಿಯರೂ ಹೋದರು. ಪ್ರತಿ ಮಗುವಿಗೂ ಒಂದು ಟ್ರಂಕು, ಅದರಲ್ಲಿ ಬಟ್ಟೆ ಮತ್ತು ಬೈಬಲ್. ಹುಡುಗಿಯರು ಪೀಟರ್‌ಬರೋದ ಹೇಝಲ್‌ಬ್ರೇ ಅನ್ನೋ ಮನೆಗೆ, ಹುಡುಗರು ಟೊರೊಂಟೊಗೆ. ಅಲ್ಲಿಂದ ಒಬ್ಬೊಬ್ಬರನ್ನೇ ರೈತರ ಮನೆಗಳಿಗೆ ಹಂಚುತ್ತಿದ್ದರು. ಹುಡುಗರಿಗೆ ದನ, ಹೊಲ, ಸೌದೆ. ಹುಡುಗಿಯರಿಗೆ ಮನೆಗೆಲಸ. ಊಟ, ಬಟ್ಟೆ, ವಸತಿಗೆ ಪ್ರತಿಯಾಗಿ ದುಡಿತ. ದೊಡ್ಡವರಾದ ಮೇಲೆ ಸ್ವಲ್ಪ ಸಂಬಳ, ಅದೂ ಅವಧಿ ಮುಗಿಯುವ ತನಕ ಕೈಗೆ ಸಿಗ್ತಿರಲಿಲ್ಲ. ಅಣ್ಣ ತಂಗಿಯರು ಬೇರೆ ಬೇರೆ ಊರಿಗೆ ಹೋದರೆ ಮತ್ತೆ ಸಿಗೋದು ಅದೃಷ್ಟ. ಒಳ್ಳೆಯ ಮನೆ ಸಿಕ್ಕು, ಬೆಳೆದು, ಸ್ವಂತ ಜಮೀನು ಮಾಡಿದವರೂ ಇದ್ದಾರೆ. ಆದರೆ ಯಾವ ಮನೆ ಸಿಗುತ್ತೆ ಅನ್ನೋದರ ಮೇಲೆ ಒಂದು ಬಾಲ್ಯವೇ ನಿಂತಿತ್ತು. ಮೈಲಿಗಟ್ಟಲೆ ದೂರದ ಹೊಲದಲ್ಲಿ ಏನಾದರೂ ಆದರೆ ಮಗು ಯಾರಿಗೆ ಹೇಳಬೇಕು?

1895ರ ನವೆಂಬರ್‌ನಲ್ಲಿ ಒಂಟಾರಿಯೊದ ಓವೆನ್ ಸೌಂಡ್ ಹತ್ತಿರದ ಒಂದು ಹೊಲದ ಮನೆಯಲ್ಲಿ ಜಾರ್ಜ್ ಗ್ರೀನ್ ಅನ್ನೋ ಬರ್ನಾರ್ಡೊ ಹುಡುಗ ಸತ್ತ. ಕೆನಡಾಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಮೈಮೇಲೆ ಗಾಯ, ಹೊಟ್ಟೆಗೆ ಸರಿಯಾಗಿ ಇಲ್ಲದ ಲಕ್ಷಣ. ಅವನನ್ನು ಇಟ್ಟುಕೊಂಡಿದ್ದ ಮಹಿಳೆಯ ಮೇಲೆ ಕೇಸು ನಡೆದರೂ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. ಎಷ್ಟೋ ಪತ್ರಿಕೆಗಳು ಹುಡುಗನನ್ನೇ ದೂರಿದವು. ಇಂಥ ಮಕ್ಕಳ ರಕ್ತದಲ್ಲೇ ದೋಷ ಇದೆ ಅಂತ. 1897ರಲ್ಲಿ ಒಂಟಾರಿಯೊ ಸರ್ಕಾರ ಮಕ್ಕಳ ವಲಸೆಗೆ ನಿಯಂತ್ರಣದ ಕಾನೂನು ತಂದಿತು.

ಇನ್ನೊಂದು ವಿಷಯ ನನಗೆ ಮೊದಲು ಗೊತ್ತೇ ಇರಲಿಲ್ಲ. ಹೋದವರಲ್ಲಿ ಬಹಳಷ್ಟು ಮಕ್ಕಳು ಅನಾಥರಲ್ಲ. ಅಪ್ಪನೋ ಅಮ್ಮನೋ ಬದುಕಿದ್ದರು, ಬಡತನ ಅಷ್ಟೇ. ಕೆಲವು ಮಕ್ಕಳನ್ನು ಪೋಷಕರ ಒಪ್ಪಿಗೆ ಇಲ್ಲದೇ ಕರೆದೊಯ್ದಿದ್ದನ್ನು ಬರ್ನಾರ್ಡೊ ಮುಚ್ಚಿಡಲಿಲ್ಲ, ಮಗುವಿನ ಒಳ್ಳೆಯದಕ್ಕೇ ಮಾಡಿದ್ದು ಅಂತ ವಾದಿಸಿದರು. ಹ್ಯಾರಿ ಗಾಸೇಜ್ ಅನ್ನೋ ಹುಡುಗನ ತಾಯಿ ಮಗನನ್ನು ವಾಪಸ್ ಕೇಳಿದಾಗ, ಅವನನ್ನು ಆಗಲೇ ಕೆನಡಾದ ಒಬ್ಬರ ಕೈಗೆ ಕೊಟ್ಟಾಗಿತ್ತು. ಎಲ್ಲಿದ್ದಾನೆ ಅಂತ ಪತ್ತೆಯೇ ಇಲ್ಲ. 1892ರಲ್ಲಿ ಕೇಸು ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು, ಬರ್ನಾರ್ಡೊ ಸೋತರು. ಅದಕ್ಕೆ ಮುಂಚೆ 1891ರಲ್ಲಿ ಬಂದ ಮಕ್ಕಳ ಪಾಲನೆಯ ಕಾಯ್ದೆ ಮಾತ್ರ ಅವರಂಥ ಸಂಸ್ಥೆಗಳಿಗೇ ಬಲ ಕೊಟ್ಟಿತು. ಜನ ಅದನ್ನು ಬರ್ನಾರ್ಡೊ ಕಾಯ್ದೆ ಅಂತಲೇ ಕರೆದರು.

1905ರ ಸೆಪ್ಟೆಂಬರ್ 19ರಂದು ಬರ್ನಾರ್ಡೊ ತೀರಿಕೊಂಡರು. ಆಗ ಅವರ ಸಂಸ್ಥೆಯ 96 ಮನೆಗಳಲ್ಲಿ 8,500ಕ್ಕೂ ಹೆಚ್ಚು ಮಕ್ಕಳಿದ್ದರು. ಹಡಗುಗಳು ಮಾತ್ರ ನಿಲ್ಲಲಿಲ್ಲ. ಕೆನಡಾ 1920ರ ದಶಕದಲ್ಲಿ, ಪೋಷಕರಿಲ್ಲದೆ ಬರುವ 14 ವರ್ಷದೊಳಗಿನ ಮಕ್ಕಳನ್ನು ತಡೆಯಿತು. ಆಸ್ಟ್ರೇಲಿಯಾಕ್ಕೆ 1960ರ ದಶಕದ ತನಕ ಮಕ್ಕಳು ಹೋಗ್ತಲೇ ಇದ್ದರು. 2009ರಲ್ಲಿ ಆಸ್ಟ್ರೇಲಿಯಾ, 2010ರಲ್ಲಿ ಬ್ರಿಟನ್ ಸರ್ಕಾರ ಕ್ಷಮೆ ಕೇಳಿದವು.

ಬರ್ನಾರ್ಡೊ ಕೆಟ್ಟವರು ಅಂತ ಬರೆದುಬಿಡೋದು ಸುಲಭ. ಆದರೆ ಅವರಿಲ್ಲದಿದ್ದರೆ ಸಾಮರ್ಸ್ ಥರ ಇನ್ನೆಷ್ಟು ಮಕ್ಕಳು ಸಾಯ್ತಿದ್ದರೋ. ಅವರು ಮಾಡದೇ ಬಿಟ್ಟಿದ್ದು ಒಂದೇ: ಆ ಮಗುವನ್ನು, ಅದರ ತಾಯಿಯನ್ನು, ನಿಮಗೇನು ಬೇಕು ಅಂತ ಕೇಳಲಿಲ್ಲ.

ಕಳೆದ ವರ್ಷ ನಾವು ಕೆಲವರು ಒಂದು ಸರ್ಕಾರಿ ಶಾಲೆಗೆ ನೋಟ್‌ಬುಕ್ ಹಂಚೋಕೆ ಹೋಗಿದ್ದೆವು. ಒಬ್ಬ ಹುಡುಗನ ಕೈಗೆ ಪುಸ್ತಕ ಕೊಡ್ತಾ ಫೋಟೋ ತೆಗೆಸಿಕೊಂಡೆ, ಸ್ಟೇಟಸ್‌ಗೂ ಹಾಕಿದೆ. ತುಂಬಾ ಲೈಕ್ಸ್ ಬಂತು. ಇದನ್ನು ಬರೆಯುವಾಗ ನೆನಪಿಸಿಕೊಳ್ಳೋಕೆ ನೋಡಿದೆ, ಅವನ ಹೆಸರೇ ನಾನು ಕೇಳಿರಲಿಲ್ಲ. ಈ ಸಲ ಹೋಗುವ ಮೊದಲು ಅಲ್ಲಿನ ಮೇಷ್ಟ್ರಿಗೆ ಫೋನ್ ಮಾಡಿ, ಮಕ್ಕಳಿಗೆ ನಿಜವಾಗಿ ಏನು ಬೇಕು ಅಂತ ಕೇಳೋಣ ಅಂದುಕೊಂಡಿದ್ದೀವಿ. ಬರೋರು ನಮ್ಮ ಜೊತೆ ಬನ್ನಿ.