ವೈದ್ಯ ಧರ್ಮಭಗಿನಿ ಡಾ. ಮೇರಿ ಗ್ಲೌರಿ



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ, ಹಿರಿಯರು ಕಟ್ಟಿದ್ದನ್ನು ನೆನೆದು ದೇವರಿಗೆ ಕೃತಜ್ಞತೆ ಸಲ್ಲಿಸುವುದು ನಮ್ಮೆಲ್ಲರ ಕರ್ತವ್ಯ. ಕಲ್ಲು ಗಾರೆಗಳಿಂದ ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಮನುಷ್ಯರನ್ನು ಒಟ್ಟುಗೂಡಿಸಿ, ತರಬೇತಿ ನೀಡಿ, ತಾವು ಕಣ್ಮರೆಯಾದ ಮೇಲೂ ಸೇವೆ ನಿಲ್ಲದಂತೆ ಕಟ್ಟಿದ್ದು ಅಷ್ಟು ಸುಲಭವಾಗಿ ಕಾಣಿಸದು. ಅಂಥದೊಂದು ಕಟ್ಟಡವನ್ನು ನಮ್ಮ ದೇಶದಲ್ಲಿ ಕಟ್ಟಿ, ನಮ್ಮ ಬೆಂಗಳೂರಿನಲ್ಲಿಯೇ ಕಣ್ಣು ಮುಚ್ಚಿದ ಮಹಿಳೆಯೊಬ್ಬರ ಜೀವನವನ್ನು ಇಲ್ಲಿ ನಿರೂಪಿಸಲು ಬಯಸುತ್ತೇನೆ.

ಸದಯ ಸಮಾರ್ಯದವನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳಿದ್ದೇವೆ. ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನ ಬಳಿ ಆತನು ನಿಂತದ್ದನ್ನೂ, ಎಣ್ಣೆ ದ್ರಾಕ್ಷಾರಸಗಳನ್ನು ಹೊಯ್ದು ಗಾಯ ಕಟ್ಟಿದ್ದನ್ನೂ ನಾವು ಕೊಂಡಾಡುತ್ತೇವೆ. ಆದರೆ ಪ್ರಭುವು ಕಥೆಯನ್ನು ಅಲ್ಲಿಗೆ ಮುಗಿಸಲಿಲ್ಲ. ಸಮಾರ್ಯದವನು ಗಾಯಾಳುವನ್ನು ಛತ್ರಕ್ಕೆ ಒಯ್ದನು. ಮರುದಿನ ಛತ್ರದವನಿಗೆ ಎರಡು ನಾಣ್ಯಗಳನ್ನು ಕೊಟ್ಟನು. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವುದಾಗಿಯೂ ಒಪ್ಪಿಕೊಂಡನು. ಕನಿಕರವು ಗಾಯವನ್ನು ಕಟ್ಟೀತು. ಆದರೆ ಗಾಯ ಮಾಯುವವರೆಗೆ ನೋಡಿಕೊಳ್ಳಲು ಛತ್ರ ಬೇಕು, ಛತ್ರದಲ್ಲಿ ಕೆಲಸ ಬಲ್ಲ ಕೈಗಳು ಬೇಕು, ವೆಚ್ಚದ ಲೆಕ್ಕ ಹೊರುವವರೂ ಬೇಕು. ಸಿಸ್ಟರ್ ಡಾ. ಮೇರಿ ಗ್ಲೌರಿಯವರ ಬಾಳು ಈ ಸಾಮತಿಯ ಉತ್ತರಾರ್ಧಕ್ಕೆ ಬರೆದ ವ್ಯಾಖ್ಯಾನದಂತಿದೆ.

ಮೇರಿಯವರು 1887ರ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಬಿರೆಗುರ ಎಂಬ ಊರಿನಲ್ಲಿ, ಐರಿಷ್ ಮೂಲದ ಭಕ್ತ ಕುಟುಂಬವೊಂದರಲ್ಲಿ ಜನಿಸಿದರು. ಒಂಬತ್ತು ಮಕ್ಕಳ ಆ ದೊಡ್ಡ ಮನೆಯಲ್ಲಿ ಪ್ರಾರ್ಥನೆಯೂ ದುಡಿಮೆಯೂ ನಿತ್ಯದ ಪಾಠಗಳಾಗಿದ್ದವು. ಬಾಲ್ಯವು ವಾಚೆಮ್ ಎಂಬ ದೂರದ ಹಳ್ಳಿಯಲ್ಲಿ ಕಳೆಯಿತು. ಚಿಕ್ಕ ವಯಸ್ಸಿನಲ್ಲಿಯೇ ವಿದ್ಯಾರ್ಥಿವೇತನ ಗಳಿಸಿ ಮೆಲ್ಬರ್ನ್ ನಗರಕ್ಕೆ ಬಂದ ಈ ಹುಡುಗಿ ವಿಶ್ವವಿದ್ಯಾಲಯವನ್ನು ಸೇರಿ, ಮೊದಲು ಸಾಹಿತ್ಯಾದಿ ಕಲಾ ವಿಷಯಗಳನ್ನು ಆರಿಸಿಕೊಂಡು, ಬಳಿಕ ವೈದ್ಯಶಾಸ್ತ್ರದತ್ತ ತಿರುಗಿ 1910ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳು ವೈದ್ಯರಾಗುವುದು ಅಂದು ಅಪರೂಪದ ಸಂಗತಿ. ವೈದ್ಯೆಯಾದ ಮೇಲೂ ಆಸ್ಪತ್ರೆಗಳಲ್ಲಿ ಸ್ಥಾನ ದೊರೆಯುವುದು ಕಷ್ಟವಾಗಿತ್ತು. ಅವರು ಸಮುದ್ರ ದಾಟಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ತರಬೇತಿ ಮುಗಿಸಬೇಕಾಯಿತು. ಮೆಲ್ಬರ್ನಿಗೆ ಮರಳಿದ ಬಳಿಕ ಕಣ್ಣು ಮತ್ತು ಕಿವಿಯ ಆಸ್ಪತ್ರೆಯಲ್ಲಿಯೂ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸುತ್ತ, ನಗರದ ಪ್ರಮುಖ ಬೀದಿಯೊಂದರಲ್ಲಿ ಸ್ವಂತ ಚಿಕಿತ್ಸಾಲಯವನ್ನೂ ತೆರೆದರು. ಹೆಸರು, ಗೌರವ, ಸಂಪಾದನೆ ಎಲ್ಲವೂ ಅವರತ್ತ ಬರುತ್ತಿದ್ದ ಕಾಲವದು.

1915ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ಅವರ ಕೈಗೆ ಚಿಕ್ಕದೊಂದು ಪುಸ್ತಿಕೆ ಬಂದಿತು. ಅದು ಡಾ. ಆಗ್ನೆಸ್ ಮೆಕ್‌ಲಾರೆನ್ ಎಂಬ ವೈದ್ಯೆಯ ಜೀವನವನ್ನು ಕುರಿತದ್ದು. ಸ್ಕಾಟ್ಲೆಂಡಿನಲ್ಲಿ 1837ರಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ವೈದ್ಯ ಪದವಿ ಗಳಿಸಿ, ಅರುವತ್ತರ ಆಸುಪಾಸಿನಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಆಗ್ನೆಸರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಭಾರತಕ್ಕೆ ಬಂದಿದ್ದರು. ಇಂದು ಪಾಕಿಸ್ತಾನಕ್ಕೆ ಸೇರಿರುವ ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗಾಗಿ ಒಂದು ಆಸ್ಪತ್ರೆ ಪ್ರಾರಂಭವಾಗಲು ಅವರು ಕಾರಣರಾದರು. ಪರದೆಯ ಪದ್ಧತಿಯಿಂದಾಗಿ ಅಲ್ಲಿನ ಅನೇಕ ಸ್ತ್ರೀಯರನ್ನು ಪುರುಷ ವೈದ್ಯರು ಮುಟ್ಟಿ ನೋಡುವಂತಿರಲಿಲ್ಲ. ಹೆರಿಗೆಯ ಸಂಕಟದಲ್ಲಿ ತಾಯಂದಿರೂ ಶಿಶುಗಳೂ ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದರು.

ಆಗ ಧರ್ಮಸಭೆಯ ಕಾನೂನೂ ಒಂದು ಅಡಚಣೆಯಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವ್ರತಧಾರಿಗಳಾದ ಕನ್ಯಾಸ್ತ್ರೀಯರು ರೋಗಿಗಳ ಶುಶ್ರೂಷೆ ಮಾಡಬಹುದಿತ್ತು. ಆದರೆ ವಿಶೇಷ ಅನುಮತಿಯಿಲ್ಲದೆ ವೈದ್ಯವೃತ್ತಿ ನಡೆಸುವಂತಿರಲಿಲ್ಲ, ಹೆರಿಗೆ ಮಾಡಿಸುವಂತಿರಲಿಲ್ಲ. ವ್ರತಜೀವನದ ಘನತೆಯನ್ನು ಕಾಪಾಡುವ ಸದುದ್ದೇಶದಿಂದಲೇ ಹುಟ್ಟಿದ ಈ ನಿಯಮವು, ಭಾರತದಂತಹ ದೇಶದಲ್ಲಿ ತಾಯಂದಿರ ಪಾಲಿಗೆ ಮುಚ್ಚಿದ ಬಾಗಿಲಾಗಿ ಪರಿಣಮಿಸಿತ್ತು. ಡಾ. ಆಗ್ನೆಸರು ಈ ಬಾಗಿಲನ್ನು ತೆರೆಯುವಂತೆ ರೋಮ್ ನಗರಕ್ಕೆ ಮತ್ತೆ ಮತ್ತೆ ಬಿನ್ನವಿಸಿಕೊಂಡರು. ಅದು ತೆರೆಯುವ ಮುನ್ನವೇ 1913ರಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು.

ಈ ವೃತ್ತಾಂತವನ್ನು ಓದಿದ ಡಾ. ಮೇರಿಯವರಿಗೆ ತಮ್ಮ ಬಾಳಿನ ಕರೆ ಯಾವುದೆಂಬುದು ನಿಶ್ಚಯವಾಯಿತು. ಆದರೂ ಅವರು ಮರುದಿನವೇ ಹಡಗು ಹತ್ತಲಿಲ್ಲ. ಆತ್ಮಗುರುಗಳ ಸಲಹೆಯಂತೆ ಕಾದರು. ಕಾದ ವರ್ಷಗಳನ್ನು ವ್ಯರ್ಥವಾಗಿ ಕಳೆಯಲೂ ಇಲ್ಲ. 1916ರಲ್ಲಿ ಸ್ಥಾಪನೆಯಾದ ಕಥೋಲಿಕ ಮಹಿಳೆಯರ ಸಾಮಾಜಿಕ ಸಂಘದ ಪ್ರಥಮ ಅಧ್ಯಕ್ಷೆಯಾಗಿ, ಸ್ತ್ರೀಯರ ಹಾಗೂ ಮಕ್ಕಳ ಕ್ಷೇಮಕ್ಕಾಗಿ ದುಡಿದರು. ಸಂಘಟನೆಯ ವಿದ್ಯೆಯನ್ನು ಅವರು ಅಲ್ಲಿಯೇ ಅಭ್ಯಾಸಮಾಡಿದರೆಂದರೆ ತಪ್ಪಾಗಲಾರದು. ಜೊತೆಗೆ ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರಚಿಕಿತ್ಸೆಗಳಲ್ಲಿ ವಿಶೇಷ ಅಧ್ಯಯನ ನಡೆಸಿ 1919ರಲ್ಲಿ ಉನ್ನತ ವೈದ್ಯ ಪದವಿಯನ್ನು ಪಡೆದರು. ದೇವರ ಕೆಲಸಕ್ಕೆ ಅರೆಬರೆ ಸಿದ್ಧತೆ ಸಾಕೆಂಬ ಮನೋಭಾವ ಅವರಲ್ಲಿ ಲವಲೇಶವೂ ಇರಲಿಲ್ಲ.

1920ರ ಜನವರಿಯಲ್ಲಿ ಅವರು ತಾಯ್ನಾಡನ್ನು ಬಿಟ್ಟು ಹೊರಟರು. ಮತ್ತೆ ಅದನ್ನು ನೋಡಲಿಲ್ಲ. ಫೆಬ್ರವರಿಯಲ್ಲಿ, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದು ಇಂದು ಆಂಧ್ರ ಪ್ರದೇಶದಲ್ಲಿರುವ ಗುಂಟೂರನ್ನು ತಲಪಿದರು. ಹಾಲೆಂಡ್ ದೇಶದಲ್ಲಿ 1822ರಲ್ಲಿ ಸ್ಥಾಪಿತವಾದ ಯೇಸು ಮರಿಯ ಜೋಸೆಫರ ಸಭೆಯ ಧರ್ಮಭಗಿನಿಯರು ಅಲ್ಲಿ ಸೇವೆಯಲ್ಲಿ ತೊಡಗಿದ್ದರು. ಮೇರಿಯವರು ಅವರ ಸಭೆಯನ್ನು ಸೇರಿ, ಯೇಸುವಿನ ಪವಿತ್ರ ಹೃದಯದ ಸಿಸ್ಟರ್ ಮೇರಿ ಎಂಬ ನಾಮವನ್ನು ಧರಿಸಿದರು. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ವೈದ್ಯವೃತ್ತಿ ನಡೆಸಲು ಅವರಿಗೆ ವಿಶೇಷ ಅನುಮತಿಯನ್ನು ದಯಪಾಲಿಸಿದರು. ಹೀಗೆ ವ್ರತಧಾರಿಣಿಯಾಗಿದ್ದುಕೊಂಡು ವೈದ್ಯಸೇವೆ ಸಲ್ಲಿಸಿದ ಮೊದಲಿಗರೆಂದು ಅವರನ್ನು ಧರ್ಮಸಭೆಯು ಸ್ಮರಿಸುತ್ತದೆ. ಸಾಮಾನ್ಯ ನಿಯಮವು ಸಡಿಲವಾದದ್ದು ಇನ್ನೂ ತಡವಾಗಿ: 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ಹನ್ನೊಂದನೆಯ ಪಿಯುಸ್ ಜಗದ್ಗುರುಗಳ ಕಾಲದಲ್ಲಿ ಹೊರಟ ಆದೇಶವು ಪ್ರೇಷಿತ ನಾಡುಗಳ ಕನ್ಯಾಸ್ತ್ರೀಯರು ತಾಯಿ ಮಕ್ಕಳ ಆರೋಗ್ಯಸೇವೆಯಲ್ಲಿ ತೊಡಗಲು ಪ್ರೋತ್ಸಾಹವಿತ್ತಿತು. ಆಗ್ನೆಸರು ಬಿತ್ತಿದ್ದು ಅವರು ಗತಿಸಿ ಇಪ್ಪತ್ತಮೂರು ವರ್ಷಗಳ ಮೇಲೆ ಫಲಿಸಿತು.

ಗುಂಟೂರಿನಲ್ಲಿ ಸಿಸ್ಟರ್ ಮೇರಿಯವರಿಗೆ ದೊರೆತದ್ದು ಸುಸಜ್ಜಿತ ಆಸ್ಪತ್ರೆಯಲ್ಲ, ಚಿಕ್ಕದೊಂದು ಔಷಧಾಲಯ. ದಿನ ಬೆಳಗಾದರೆ ರೋಗಿಗಳ ಸಾಲು ಬಾಗಿಲಲ್ಲಿ ಕಾದಿರುತ್ತಿತ್ತು. ಬರಲಾರದವರಿದ್ದ ಹಳ್ಳಿಗಳಿಗೆ ಅವರೇ ಹೋಗುತ್ತಿದ್ದರು. ಔಷಧಾಲಯವು ಕ್ರಮೇಣ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಆದರೆ ವೈದ್ಯೆ ಅವರೊಬ್ಬರೇ. ಬಹುಕಾಲ ಹೀಗೆಯೇ ನಡೆಯಿತು. ಒಬ್ಬ ವೈದ್ಯೆ ನಿದ್ರೆಗೆಟ್ಟು ದುಡಿದರೂ ಒಂದು ದಿನಕ್ಕೆ ಎಷ್ಟು ಜನರನ್ನು ನೋಡಬಲ್ಲಳು? ಆಕೆ ಹಳ್ಳಿಗೆ ಹೋದ ದಿನ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ತಾಯಿಯ ಗತಿಯೇನು? ಆಕೆಯೇ ಹಾಸಿಗೆ ಹಿಡಿದರೆ ಮುಂದೇನು? ಬಡ ನಾಡುಗಳಲ್ಲಿ ಆಸ್ಪತ್ರೆ ನಡೆಸುವ ಪ್ರತಿಯೊಬ್ಬರನ್ನೂ ಇಂದಿಗೂ ಕಾಡುವ ಪ್ರಶ್ನೆಗಳಿವು.

ಸಿಸ್ಟರ್ ಮೇರಿಯವರು ಕಂಡುಕೊಂಡ ಉತ್ತರವು ಸರಳವಾದದ್ದು, ಆದರೆ ದೂರದೃಷ್ಟಿಯುಳ್ಳದ್ದು. ಸ್ಥಳೀಯ ಹೆಣ್ಣುಮಕ್ಕಳನ್ನೇ ಆರಿಸಿ, ದಾದಿಯರಾಗಿ, ಸೂಲಗಿತ್ತಿಯರಾಗಿ, ಕಾಂಪೌಂಡರರಾಗಿ ಅವರು ತರಬೇತಿಗೊಳಿಸಿದರು. ಹೊರಗಿನಿಂದ ಬಂದ ವೈದ್ಯೆಗೆ ರೋಗದ ಹೆಸರು ಗೊತ್ತು. ರೋಗಿಯ ಮನೆಯ ಒಲೆ, ಬಾವಿ, ಅತ್ತೆಯ ಅಂಜಿಕೆ, ಪಥ್ಯದ ಪದ್ಧತಿ ಇವೆಲ್ಲ ಗೊತ್ತಿರುವುದು ಅದೇ ಊರಿನ ಹುಡುಗಿಗೆ. ಶುದ್ಧವಾದ ಕೈಗಳಿಂದ ಹೆರಿಗೆ ಮಾಡಿಸಬಲ್ಲ, ಅಪಾಯದ ಲಕ್ಷಣವನ್ನು ಹೊತ್ತಿಗೆ ಮುಂಚೆ ಗುರುತಿಸಿ ಆಸ್ಪತ್ರೆಗೆ ಕಳುಹಿಸಬಲ್ಲ ಒಬ್ಬ ಸೂಲಗಿತ್ತಿ ಹಳ್ಳಿಯಲ್ಲಿದ್ದರೆ, ನಗರದ ದೊಡ್ಡ ಕಟ್ಟಡಕ್ಕಿಂತ ಹೆಚ್ಚು ಜೀವಗಳು ಉಳಿಯಬಹುದು. ಈ ಸತ್ಯವನ್ನು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಎರಡನೆಯ ಹೆಜ್ಜೆ ಇನ್ನೂ ವಿಶಾಲವಾದದ್ದು. ಅದುವರೆಗೆ ದೇಶದ ನಾನಾ ಕಡೆಗಳಲ್ಲಿ ಕಥೋಲಿಕ ಆಸ್ಪತ್ರೆಗಳು ತಲೆಯೆತ್ತಿದ್ದವು. ನಮ್ಮ ನಾಡಿನಲ್ಲಿಯೇ ಫಾದರ್ ಮುಲ್ಲರರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರ ಔಷಧಾಲಯವನ್ನು ಆರಂಭಿಸಿದ್ದರು. 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಾ ಆಸ್ಪತ್ರೆ ಸ್ಥಾಪನೆಯಾಗಿತ್ತು. ದೂರದ ಹಳ್ಳಿಗಳಲ್ಲಿ ಇಬ್ಬರು ಮೂವರು ಕನ್ಯಾಸ್ತ್ರೀಯರು ನಡೆಸುವ ಔಷಧಾಲಯಗಳೂ ಇದ್ದವು. ಆದರೆ ಇವೆಲ್ಲವನ್ನೂ ಒಂದುಗೂಡಿಸುವ ಸಂಘವೊಂದು ಇರಲಿಲ್ಲ. ಒಂದು ಕಡೆ ಕಲಿತ ಪಾಠ ಇನ್ನೊಂದು ಕಡೆಗೆ ತಲಪುವುದು, ತರಬೇತಿಗೆ ಸಮಾನ ಮಟ್ಟವನ್ನು ಕಾಯ್ದುಕೊಳ್ಳುವುದು, ಸರಕಾರದ ಮುಂದೆ ಒಂದೇ ದನಿಯಲ್ಲಿ ಮಾತನಾಡುವುದು ಒಂಟಿ ಸಂಸ್ಥೆಗಳಿಂದ ಆಗುವ ಕೆಲಸವಲ್ಲ. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ, ಬಂಗಾಳವು ಭೀಕರ ಕ್ಷಾಮದಿಂದ ತತ್ತರಿಸುತ್ತಿದ್ದ 1943ರಲ್ಲಿ, ಸಿಸ್ಟರ್ ಮೇರಿಯವರ ನೇತೃತ್ವದಲ್ಲಿ ಬೆರಳೆಣಿಕೆಯ ಧರ್ಮಭಗಿನಿಯರು ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಅವರೇ ಅದರ ಪ್ರಥಮ ಅಧ್ಯಕ್ಷೆಯಾದರು. ಜೀವವು ದೇವರ ಕೊಡುಗೆಯೆಂಬ ಧರ್ಮಸಭೆಯ ಬೋಧನೆಗೆ ಅನುಗುಣವಾಗಿ ಆಸ್ಪತ್ರೆಗಳು ನಡೆಯಬೇಕು, ಸೇವೆಯ ಗುಣಮಟ್ಟವೂ ಕುಂದಬಾರದು ಎಂಬುದು ಸಂಘದ ಆಶಯವಾಗಿತ್ತು. ಭಕ್ತಿಯಿದ್ದರೆ ಕೌಶಲ ಬೇಡ ಎಂಬುದನ್ನೂ, ಕೌಶಲವಿದ್ದರೆ ಭಕ್ತಿ ಬೇಡ ಎಂಬುದನ್ನೂ ಅವರು ಒಪ್ಪಿದವರಲ್ಲ.

ಭಾರತದ ಕಥೋಲಿಕರದೇ ಆದ ವೈದ್ಯಕೀಯ ಮಹಾವಿದ್ಯಾಲಯವೊಂದು ಸ್ಥಾಪನೆಯಾಗಬೇಕೆಂಬುದು ಅವರ ಬಹುದಿನದ ಹಂಬಲ. ಅದನ್ನು ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಕ್ಯಾನ್ಸರ್ ರೋಗವು ಅವರನ್ನು ಆವರಿಸಿತು. ಸಹಸ್ರಾರು ಜನರ ನೋವನ್ನು ಶಮನಗೊಳಿಸಿದವರು ತಮ್ಮ ನೋವನ್ನು ಪ್ರಭುವಿನ ಶಿಲುಬೆಯೊಂದಿಗೆ ಸೇರಿಸಿ ಸಹಿಸಿದರು. 1957ರ ಮೇ 5ರಂದು, ಭಾರತದಲ್ಲಿ 37 ವರ್ಷಗಳ ಸೇವೆಯನ್ನು ಮುಗಿಸಿ, ಬೆಂಗಳೂರಿನಲ್ಲಿ ದೈವಾಧೀನರಾದರು. ಅದೇ ಬೆಂಗಳೂರಿನಲ್ಲಿ, ಆರು ವರ್ಷಗಳ ತರುವಾಯ 1963ರಲ್ಲಿ, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಅಲ್ಲಿ ಕಲಿತ ಅನೇಕ ಕನ್ಯಾಸ್ತ್ರೀಯರು ವೈದ್ಯರಾಗಿ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. ಅವರು ಸ್ಥಾಪಿಸಿದ ಸಂಘವು ಇಂದು ಭಾರತೀಯ ಕಥೋಲಿಕ ಆರೋಗ್ಯ ಸಂಘವೆಂದು ಹೆಸರಾಗಿ, ದೇಶದ 3,000ಕ್ಕೂ ಮಿಕ್ಕಿದ ಸಂಸ್ಥೆಗಳನ್ನು ಒಂದುಗೂಡಿಸಿದೆ; ಅವುಗಳಲ್ಲಿ ಅನೇಕವು ಹಳ್ಳಿಗಳ ಚಿಕ್ಕ ಆರೋಗ್ಯ ಕೇಂದ್ರಗಳೇ. 2013ರಲ್ಲಿ ಧರ್ಮಸಭೆಯು ಅವರನ್ನು ದೇವರ ಸೇವಕಿ ಎಂದು ಘೋಷಿಸಿ, ಸಂತಪದವಿಯ ದಾರಿಯಲ್ಲಿ ಅವರ ಜೀವನದ ಪರಿಶೀಲನೆಯನ್ನು ಆರಂಭಿಸಿತು.

ಪ್ರಿಯ ಬಂಧುಗಳೇ, ಈ ಜೀವನಚರಿತ್ರೆಯನ್ನು ಓದಿ ಮೆಚ್ಚಿ ಪುಟ ಮಗುಚಿದರೆ ಸಾಲದು. ನಾಲ್ಕು ದಶಕಗಳ ನನ್ನ ಗುರುಜೀವನದಲ್ಲಿ ರೋಗಿಗಳ ಅಭ್ಯಂಗವನ್ನು ನೀಡಲು ನಾನು ಅನೇಕ ಆಸ್ಪತ್ರೆಗಳಿಗೆ ಹೋಗಿದ್ದೇನೆ. ಮರಣಕ್ಕೆ ಅಂಜದವರನ್ನು ಅಲ್ಲಿ ಕಂಡಿದ್ದೇನೆ. ಆದರೆ ಆಸ್ಪತ್ರೆಯ ಬಿಲ್ಲಿಗೆ ಅಂಜದ ಬಡವರನ್ನು ಕಂಡದ್ದು ಕಡಮೆ. ಯಂತ್ರಗಳಿಗೆ, ಔಷಧಗಳಿಗೆ, ಸಿಬ್ಬಂದಿಯ ನ್ಯಾಯವಾದ ಸಂಬಳಕ್ಕೆ ಹಣ ಬೇಕೆಂಬುದು ನಿಜ. ಎರಡು ನಾಣ್ಯಗಳಿಂದ ಇಂದು ಛತ್ರ ನಡೆಯದು. ಆದರೆ ಸಾಮತಿಯಲ್ಲಿ ಉಳಿದ ವೆಚ್ಚವನ್ನು ತೀರಿಸುವುದಾಗಿ ಒಪ್ಪಿಕೊಂಡವನು ಗಾಯಾಳುವಲ್ಲ, ಸಮಾರ್ಯದವನು. ಆ ಸ್ಥಾನದಲ್ಲಿ ಇಂದು ನಿಲ್ಲಬೇಕಾದವರು ಆಸ್ಪತ್ರೆಯನ್ನು ನಡೆಸುವ ಧರ್ಮಭಗಿನಿಯರು ಮಾತ್ರವಲ್ಲ, ಭಕ್ತಾದಿಗಳಾದ ನಾವೆಲ್ಲರೂ.

ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿ ದೂರದ ನಗರಗಳಲ್ಲಿ, ಪರದೇಶಗಳಲ್ಲಿ ದುಡಿದು ಮನೆಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಅದು ಗೌರವಕ್ಕೆ ಅರ್ಹವಾದ ದುಡಿಮೆ. ಆದರೆ ಸಂಪಾದನೆಯ ದಾರಿಯನ್ನು ಬಿಟ್ಟು ಹಳ್ಳಿಯ ಔಷಧಾಲಯದತ್ತ ನಡೆದ ವೈದ್ಯೆಯೊಬ್ಬರನ್ನೂ ಅವರು ಅರಿತಿರಲಿ. ನಮ್ಮಲ್ಲಿ ಬಡ ರೋಗಿಗಳಿಗಾಗಿ ಒಂದು ಸಹಾಯನಿಧಿ, ವರ್ಷಕ್ಕೊಬ್ಬ ಬಡ ಹುಡುಗಿಯ ದಾದಿ ತರಬೇತಿಗೆ ನೆರವು, ಹಾಸಿಗೆ ಹಿಡಿದ ನೆರೆಯವರನ್ನು ಸರದಿಯಂತೆ ನೋಡಿಬರುವ ಕ್ರಮ: ಇವುಗಳಲ್ಲಿ ಒಂದನ್ನಾದರೂ ನಾವು ಈ ಶತಮಾನೋತ್ಸವದ ನೆನಪಿಗಾಗಿ ಆರಂಭಿಸಿದರೆ, ಎರಡನೆಯ ಶತಮಾನಕ್ಕೆ ಯೋಗ್ಯವಾದ ಅಸ್ತಿವಾರ ಹಾಕಿದಂತಾಗುವುದು.

ರೋಗಿಗಳ ಆರೋಗ್ಯವಾದ ಮಾತೆ ಮರಿಯಳು ನಮಗಾಗಿ ಪ್ರಾರ್ಥಿಸಲಿ. ಸಿಸ್ಟರ್ ಮೇರಿ ಗ್ಲೌರಿಯವರ ಆದರ್ಶವು ನಮ್ಮ ಮನೆಗಳಲ್ಲಿ ಹೊಸ ಕರೆಗಳನ್ನು ಎಬ್ಬಿಸಲಿ. ಸರ್ವರಿಗೂ ಪ್ರಭುವಿನ ಆಶೀರ್ವಾದವಿರಲಿ.