ದೇವಯ್ಯ ಏನಾದ್ರು? ಉತ್ತರ ಬಂದಿದ್ದು ಶತ್ರು ಕಡೆಯಿಂದ, ಪದಕ ಬಂದಿದ್ದು 23 ವರ್ಷದ ಮೇಲೆ

ಮಡಿಕೇರಿ: ಮಕ್ಕಳನ್ನು ಸೇನೆಗೆ ಕಳಿಸೋದು ಕೊಡಗಿಗೆ ಹೊಸದಲ್ಲ. ಆದ್ರೆ ಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ, ಏನಾದ್ರು ಅಂತ ಹೇಳೋಕೆ ಒಬ್ಬ ಸಾಕ್ಷಿಯೂ ಇಲ್ಲ ಅಂದ್ರೆ ಆ ಮನೆಯವರ ಪಾಡು ಏನು? ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಮನೆಯಲ್ಲಿ ಆಗಿದ್ದು ಇದೇ.

1932ರ ಡಿಸೆಂಬರ್ 24ರಂದು ಹುಟ್ಟಿದ ದೇವಯ್ಯ, ಅಜ್ಜಮಾಡ ಮನೆತನದವರು. ತಂದೆ ಡಾಕ್ಟರ್. 1954ರಲ್ಲಿ ವಾಯುಪಡೆ ಸೇರಿ ಪೈಲಟ್ ಆದರು. ಹೊಸಬರಿಗೆ ಹಾರಾಟ ಕಲಿಸುವ ಮೇಷ್ಟ್ರೂ ಆಗಿದ್ದರು. 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಹಾಕಲಾಯಿತು.

ಈ ಸ್ಕ್ವಾಡ್ರನ್ ಸಾಮಾನ್ಯದ್ದಲ್ಲ. 1933ರಲ್ಲಿ ಬರೀ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಕರಾಚಿಯಲ್ಲಿ ಶುರುವಾದ, ನಮ್ಮ ವಾಯುಪಡೆಯ ಮೊಟ್ಟಮೊದಲ ತಂಡ. ನೆಲದ ಮೇಲೆ ಹೋರಾಡುವ ಸೈನಿಕರಿಗೆ ಆಕಾಶದಿಂದ ಬೆನ್ನೆಲುಬಾಗೋದು ಮೊದಲಿನಿಂದಲೂ ಇದರ ಕೆಲಸ. 1944ರಲ್ಲಿ ಇಂಫಾಲದ ಸುತ್ತ ಜಪಾನಿ ಸೇನೆ ಬಂದು ಕೂತಾಗ ಹರಿಕೇನ್ ವಿಮಾನಗಳಲ್ಲಿ ಕಾಡಿನ ಮೇಲೆ ತೀರಾ ಕೆಳಗೆ ಹಾರಿ ಹೋರಾಡಿದ ತಂಡ ಇದು. ಆಗ ಇದರ ನಾಯಕ ಅರ್ಜನ್ ಸಿಂಗ್. 1965ರ ಹೊತ್ತಿಗೆ ಅವರು ಇಡೀ ವಾಯುಪಡೆಯ ಮುಖ್ಯಸ್ಥರು.

ದೇವಯ್ಯ ಹೋಗೋ ಹೊತ್ತಿಗೆ ತಂಡದ ಕೈಯಲ್ಲಿದ್ದದ್ದು ಫ್ರಾನ್ಸ್‌ನ ಮಿಸ್ಟಿಯರ್ ಜೆಟ್. ಎರಡು 30 ಮಿ.ಮೀ. ಫಿರಂಗಿ, ಜೊತೆಗೆ ರಾಕೆಟ್, ಬಾಂಬ್. ಟ್ಯಾಂಕ್, ರೈಲು, ವಿಮಾನ ನಿಲ್ದಾಣದ ಮೇಲೆ ಬೀಳೋಕೆ ಚೆನ್ನಾಗಿತ್ತು. ಆಕಾಶದಲ್ಲಿ ಹೊಸ ಜೆಟ್‌ಗಳ ಜೊತೆ ಕಾದಾಡೋಕೆ ಹಳೆಯದಾಗಿತ್ತು.

ಸೆಪ್ಟೆಂಬರ್ 6ಕ್ಕೆ ನಮ್ಮ ಸೇನೆ ಲಾಹೋರ್ ಕಡೆ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಎರಗಿ, ನೆಲದಲ್ಲೇ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟು ಹಾಕಿದವು. ಅವನ್ನು ಹಾಗೇ ಬಿಟ್ಟರೆ ಮುಂದೆ ಹೋಗಿದ್ದ ಸೈನಿಕರ ತಲೆ ಮೇಲೆ ರಕ್ಷಣೆ ಇಲ್ಲ. ಹಾಗಾಗಿ ಮರುದಿನ ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧಾಕ್ಕೇ ಹೋಗಬೇಕು ಅಂತ ತೀರ್ಮಾನ ಆಯ್ತು.

ಆದಂಪುರದಿಂದ ಸರ್ಗೋಧಾ ಸುಮಾರು 300 ಕಿ.ಮೀ. ಮಿಸ್ಟಿಯರ್‌ಗೆ ಹೋಗಿ ಬರೋಕಷ್ಟೇ ಇಂಧನ. ದಾರಿಯಲ್ಲಿ ಜಗಳಕ್ಕೆ ನಿಂತರೆ ಮನೆಗೆ ವಾಪಸ್ ಬರೋಕೆ ಆಗಲ್ಲ. ವಿಂಗ್ ಕಮಾಂಡರ್ ಒ.ಪಿ. ತನೇಜಾ ನಾಯಕತ್ವದಲ್ಲಿ ಹನ್ನೆರಡು ವಿಮಾನ ಹೋಗೋದು ಅಂತ ಪಟ್ಟಿ ಆಗಿತ್ತು. ದೇವಯ್ಯ ಅದರಲ್ಲಿ ಇರಲಿಲ್ಲ. ಯಾರಾದ್ರೂ ಹಿಂದೆ ಉಳಿದರೆ ಬೇಕಾಗುತ್ತೆ ಅಂತ ಇಟ್ಟುಕೊಂಡಿದ್ದ ಹೆಚ್ಚುವರಿ ಪೈಲಟ್ ಅವರು. ಕೊನೆಗೆ ಸೆಪ್ಟೆಂಬರ್ 7ರ ನಸುಕಿನಲ್ಲಿ ಅವರೂ ಹಾರಿದರು.

ದಾಳಿ ಮುಗಿಸಿ ತಂಡ ಹಿಂತಿರುಗುವಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅಮೆರಿಕ ಕೊಟ್ಟ ಈ ಜೆಟ್‌ನ ವೇಗ ಶಬ್ದದ ಎರಡು ಪಟ್ಟು. ಮಿಸ್ಟಿಯರ್ ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ದೇವಯ್ಯ ಅವರ ವಿಮಾನಕ್ಕೆ ಗುಂಡು ಬಿತ್ತು. ಆದ್ರೂ ಅವರು ತಿರುಗಿ ನಿಂತರು. ಸ್ಟಾರ್‌ಫೈಟರ್‌ಗೆ ರೆಕ್ಕೆ ಚಿಕ್ಕದು, ಕೆಳಮಟ್ಟದಲ್ಲಿ ಬೇಗ ತಿರುಗೋಕೆ ಆಗಲ್ಲ. ಅಲ್ಲೇ ದೇವಯ್ಯ ಅವರಿಗೆ ಅವಕಾಶ ಸಿಕ್ಕಿತು. ಅವರ ಗುಂಡೇಟಿಗೆ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ. ಆಗ ಅವರಿಗೆ 32 ವರ್ಷ, ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಇದ್ಯಾವುದನ್ನೂ ಜೊತೆಗಿದ್ದ ಪೈಲಟ್‌ಗಳು ನೋಡಲಿಲ್ಲ. ಮುಂದೆ ಹೋದವರು ಹಿಂದೆ ನೋಡೋ ಹಾಗಿರಲಿಲ್ಲ. ವಾಯುಪಡೆಯ ದಾಖಲೆಯಲ್ಲಿ ದೇವಯ್ಯ ಬರೀ ಕಾಣೆಯಾದವರು. ಇನ್ನೊಂದು ವಿಚಿತ್ರ ನೋಡಿ. 1971ರ ಯುದ್ಧದಲ್ಲಿ ಇದೇ ಅಮ್ಜದ್ ಅಮೃತಸರದ ಹತ್ರ ಬಿದ್ದು ನಮ್ಮವರ ಸೆರೆಯಾದರು. ವಿಷಯ ಗೊತ್ತಿದ್ದ ಮನುಷ್ಯ ನಮ್ಮ ಕೈಯಲ್ಲೇ ಇದ್ದರೂ ದೇವಯ್ಯ ಅವರ ಕತೆ ಹೊರಗೆ ಬರಲಿಲ್ಲ.

ಬಂದಿದ್ದು 1979ರಲ್ಲಿ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನ ವಾಯುಪಡೆಯ ಯುದ್ಧದ ಬಗ್ಗೆ ಪುಸ್ತಕ ಬರೆದರು. ಆ ದಿನ ಒಂದು ಸ್ಟಾರ್‌ಫೈಟರ್ ಮಿಸ್ಟಿಯರ್ ಜೊತೆಗಿನ ಕಾದಾಟದಲ್ಲಿ ಬಿತ್ತು ಅಂತ ಅದರಲ್ಲಿತ್ತು. ಅವತ್ತು ವಾಪಸ್ ಬರದ ಮಿಸ್ಟಿಯರ್ ಯಾರದ್ದು ಅಂತ ಲೆಕ್ಕ ಹಾಕಿದಾಗ ದೇವಯ್ಯ ಅವರ ಹೆಸರು ಬಂತು. ಹಳೆಯ ಕಮಾಂಡರ್ ತನೇಜಾ ಸುಮ್ಮನೆ ಕೂರಲಿಲ್ಲ, ವಾಯುಪಡೆಗೆ ಪತ್ರ ಬರೆದರು. 1988ರಲ್ಲಿ, ಅಂದ್ರೆ 23 ವರ್ಷದ ಮೇಲೆ, ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರಿತು.

ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ಪ್ರತಿಮೆ ಇದೆ. 2025ರಲ್ಲಿ ಇದೇ ಘಟನೆಯ ಎಳೆ ಹಿಡಿದು ಹಿಂದಿಯಲ್ಲಿ ಸ್ಕೈ ಫೋರ್ಸ್ ಸಿನಿಮಾನೂ ಬಂತು. ಆದ್ರೆ ಒಂದು ಮಾತು ನೆನಪಿರಲಿ. ನೆಲದ ಸೈನಿಕರಿಗಾಗಿ ಶತ್ರು ನೆಲದ ಮೇಲೆ ಹಾರುವ ಪೈಲಟ್ ಸತ್ತರೆ ನೋಡೋರು ಇರಲ್ಲ. ದೇವಯ್ಯ ಅವರಿಗೆ ಸಾಕ್ಷಿ ಹೇಳೋಕೆ ಕೊನೆಗೆ ಎದುರಾಳಿ ಒಬ್ಬ ಉಳಿದಿದ್ದ. ಎಷ್ಟೋ ಜನರಿಗೆ ಅದೂ ಇಲ್ಲ.